ನಂಬದವರ ಸಿದ್ಧಾಂತಕ್ಕೆ ಎದುರು ನಿಂತ ಮೇಷ್ಟ್ರು

ಸೂರ್ಯನೇ ಭೂಮಿಯನ್ನು ಸುತ್ತುತ್ತಾನೆ ಎಂದು ಮನುಷ್ಯ ಶತಮಾನಗಳ ಕಾಲ ನಂಬಿಕೊಂಡಿದ್ದ. ಆ ನಂಬಿಕೆಯಿಂದ ಸೂರ್ಯನಿಗೇನೂ ಆಗಲಿಲ್ಲ, ಭೂಮಿಯೂ ತನ್ನ ದಾರಿ ಬಿಡಲಿಲ್ಲ. ಮನುಷ್ಯರ ಬಗ್ಗೆ ಕಟ್ಟಿದ ತಪ್ಪು ಸಿದ್ಧಾಂತದ ಕಥೆ ಹಾಗಲ್ಲ. ನೌಕರನೆಂದರೆ ಅವಕಾಶ ಸಿಕ್ಕಾಗ ವಂಚಿಸುವವನು ಎಂದು ಮ್ಯಾನೇಜರ್ ನಂಬಿದರೆ ಅದಕ್ಕೆ ತಕ್ಕ ಕಾವಲು ಹಾಕುತ್ತಾನೆ. ಕಾವಲಿನಲ್ಲೇ ದುಡಿದು ರೂಢಿಯಾದವನು ಕಾವಲು ಸರಿದ ಗಳಿಗೆಯಲ್ಲಿ ಕೈಚೆಲ್ಲಿ ಕೂರುತ್ತಾನೆ. 'ನಾನು ಮೊದಲೇ ಹೇಳಿರಲಿಲ್ಲವೇ' ಎನ್ನುತ್ತಾನೆ ಮ್ಯಾನೇಜರ್. ಸುಳ್ಳಾಗಿ ಹುಟ್ಟಿದ ಸಿದ್ಧಾಂತ ಹೀಗೆ ತನ್ನನ್ನು ತಾನೇ ನಿಜ ಮಾಡಿಕೊಳ್ಳುತ್ತದೆ. ಮ್ಯಾನೇಜ್‌ಮೆಂಟ್ ಶಾಲೆಗಳ ಒಳಗೇ ನಿಂತು, ಅಲ್ಲಿನ ಅತಿ ದೊಡ್ಡ ಹೆಸರುಗಳನ್ನು ಎದುರು ಹಾಕಿಕೊಂಡು ಈ ಮಾತು ಹೇಳಿದವರು ಸುಮಂತ್ರ ಘೋಷಾಲ್.

ಅವರು ಹುಟ್ಟಿದ್ದು 1948ರಲ್ಲಿ, ಕೋಲ್ಕತ್ತಾದಲ್ಲಿ. ದೆಹಲಿ ವಿಶ್ವವಿದ್ಯಾಲಯದಲ್ಲಿ ಓದಿದ್ದು ಭೌತಶಾಸ್ತ್ರ. ಪ್ರಕೃತಿಯ ನಿಯಮಕ್ಕೂ ಮನುಷ್ಯರ ನಡವಳಿಕೆಗೂ ಇರುವ ವ್ಯತ್ಯಾಸ ಕೊನೆಯವರೆಗೂ ಅವರ ತಲೆಯಲ್ಲಿ ಉಳಿಯಲು ಈ ಓದೂ ಒಂದು ಕಾರಣ ಎಂದು ನನಗೆ ಅನಿಸುತ್ತದೆ. 1970ರ ದಶಕವನ್ನು ಅವರು ಸರ್ಕಾರಿ ತೈಲ ಕಂಪನಿಯಾದ ಇಂಡಿಯನ್ ಆಯಿಲ್‌ನಲ್ಲಿ ಮ್ಯಾನೇಜರ್ ಆಗಿ ಕಳೆದರು. ಅಂದರೆ ಫೈಲು, ಮೇಲಧಿಕಾರಿ, ಒಪ್ಪಿಗೆಗಾಗಿ ಕಾಯುವುದು, ಕೆಳಗಿನವರಿಂದ ಕೆಲಸ ತೆಗೆಸುವುದು, ಇವೆಲ್ಲ ಅವರಿಗೆ ಪುಸ್ತಕದಿಂದ ಬಂದ ವಿಷಯಗಳಲ್ಲ. 1981ರಲ್ಲಿ ಫುಲ್‌ಬ್ರೈಟ್ ವಿದ್ಯಾರ್ಥಿವೇತನ ಪಡೆದು ಅಮೆರಿಕಕ್ಕೆ ಹೋದಾಗ ಅವರಿಗೆ ಮೂವತ್ತು ದಾಟಿತ್ತು. ಬೇರೆಯವರು ಹುದ್ದೆಯಲ್ಲಿ ಬೇರೂರುವ ವಯಸ್ಸಿನಲ್ಲಿ ಅವರು ಮತ್ತೆ ವಿದ್ಯಾರ್ಥಿಯಾಗಿ ಬೆಂಚಿನ ಮೇಲೆ ಕೂತರು. ಅದೂ ಒಂದು ಕಡೆಯಲ್ಲ. ಎಂಐಟಿಯಲ್ಲಿ ಒಂದು ಡಾಕ್ಟರೇಟ್, ಅದೇ ಕಾಲಕ್ಕೆ ಪಕ್ಕದ ಊರಿನ ಹಾರ್ವರ್ಡ್ ಬಿಸಿನೆಸ್ ಸ್ಕೂಲ್‌ನಲ್ಲಿ ಇನ್ನೊಂದು, ಬೇರೆ ಬೇರೆ ವಿಷಯಗಳ ಮೇಲೆ. 1985 ಮತ್ತು 1986ರಲ್ಲಿ ಎರಡೂ ಮುಗಿದವು.

ಹಾರ್ವರ್ಡ್‌ನಲ್ಲಿ ಸಿಕ್ಕ ಕ್ರಿಸ್ಟೋಫರ್ ಬಾರ್ಟ್ಲೆಟ್ ಮುಂದೆ ಅವರ ಬರವಣಿಗೆಯ ಜೀವದ ಜೊತೆಗಾರರಾದರು. ಇಬ್ಬರೂ ಸೇರಿ ಒಂಬತ್ತು ಬಹುರಾಷ್ಟ್ರೀಯ ಕಂಪನಿಗಳ 236 ಮ್ಯಾನೇಜರುಗಳನ್ನು ಮಾತಾಡಿಸಿ 1989ರಲ್ಲಿ 'ಮ್ಯಾನೇಜಿಂಗ್ ಅಕ್ರಾಸ್ ಬಾರ್ಡರ್ಸ್' ಎಂಬ ಪುಸ್ತಕ ತಂದರು. ಸೋಪಿನ ಲೋಕದಿಂದ ಯೂನಿಲಿವರ್, ಪ್ರಾಕ್ಟರ್ ಅಂಡ್ ಗ್ಯಾಂಬಲ್, ಕಾವೋ. ಎಲೆಕ್ಟ್ರಾನಿಕ್ಸ್‌ನಿಂದ ಫಿಲಿಪ್ಸ್, ಜನರಲ್ ಎಲೆಕ್ಟ್ರಿಕ್, ಮತ್ಸುಶಿತಾ. ದೂರವಾಣಿ ಉಪಕರಣಗಳಿಂದ ಐಟಿಟಿ, ಎರಿಕ್ಸನ್, ಎನ್‌ಇಸಿ. ಪುಸ್ತಕದಲ್ಲಿ ಬರುವ ಫಿಲಿಪ್ಸ್ ಪ್ರಸಂಗ ಮರೆಯುವಂಥದ್ದಲ್ಲ. ಯುರೋಪಿನ ಫಿಲಿಪ್ಸ್ ವಿ2000 ಎಂಬ ತನ್ನದೇ ವಿಡಿಯೊ ಕ್ಯಾಸೆಟ್ ಮಾದರಿಯನ್ನು ರೂಪಿಸಿತು. ಅದರ ಅಮೆರಿಕದ ಅಂಗಸಂಸ್ಥೆಯೋ, ಅದನ್ನು ಮಾರಲು ಒಪ್ಪದೆ ಎದುರಾಳಿ ಮತ್ಸುಶಿತಾದಿಂದ ವಿಎಚ್‌ಎಸ್ ಯಂತ್ರಗಳನ್ನು ಕೊಂಡು ತನ್ನ ಬ್ರ್ಯಾಂಡಿನಲ್ಲಿ ಮಾರಿತು. ಸ್ಥಳೀಯ ಸ್ವಾತಂತ್ರ್ಯ ಅಷ್ಟು ಗಟ್ಟಿಯಾಗಿತ್ತು, ಒಟ್ಟು ಕಂಪನಿಯ ಹಿತ ಅಷ್ಟು ದೂರವಾಗಿತ್ತು. ಕಾವೋದ ಕಾಯಿಲೆ ಇದರ ತಿರುವುಮುರುವು. ಜಪಾನಿನ ಕೇಂದ್ರ ಕಚೇರಿಯೇ ಎಲ್ಲವನ್ನೂ ನಿರ್ಧರಿಸುತ್ತಿದ್ದುದರಿಂದ ಅದು ಹೊರನಾಡುಗಳಲ್ಲಿ ಕಾಲೂರಲು ತಿಣುಕಾಡಿತು.

ಇದಕ್ಕೆ ಘೋಷಾಲ್ ಮತ್ತು ಬಾರ್ಟ್ಲೆಟ್ ಕೊಟ್ಟ ಉತ್ತರ ಇನ್ನೊಂದು ಹೊಸ ಸಂಘಟನಾ ನಕ್ಷೆಯಲ್ಲ. ಯಾರು ಯಾರಿಗೆ ವರದಿ ಮಾಡಬೇಕು ಎಂಬ ಪೆಟ್ಟಿಗೆ-ಗೆರೆಗಳನ್ನು ಎಷ್ಟು ಸಲ ಅಳಿಸಿ ಬರೆದರೂ, ಸ್ಥಳೀಯ ಅಗತ್ಯ ಮತ್ತು ಜಾಗತಿಕ ಹಿತ ಎರಡನ್ನೂ ತೂಗಿ ನೋಡುವ ಮನಸ್ಸು ಮ್ಯಾನೇಜರುಗಳಲ್ಲಿ ಬೆಳೆಯದಿದ್ದರೆ ಪ್ರಯೋಜನವಿಲ್ಲ ಎಂದರು ಅವರು. ಅಲ್ಲಿಂದ ಅವರ ನೋಟ ಮನುಷ್ಯನ ಕಡೆಗೇ ಹೊರಳಿತು. 1994-95ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂನಲ್ಲಿ ಬಂದ ಮೂರು ಲೇಖನಗಳ ಸರಣಿಯಲ್ಲಿ ಅವರು ತಂತ್ರ, ರಚನೆ, ವ್ಯವಸ್ಥೆ ಎಂಬ ಹಳೆಯ ಮೂರು ಕಂಬಗಳ ಬದಲು ಉದ್ದೇಶ, ಪ್ರಕ್ರಿಯೆ, ಜನ ಎಂಬ ಮೂರನ್ನು ಮುಂದಿಟ್ಟರು. 1997ರ 'ದಿ ಇಂಡಿವಿಜುವಲೈಸ್ಡ್ ಕಾರ್ಪೊರೇಷನ್' ಪುಸ್ತಕ ಇದೇ ವಾದವನ್ನು ಬೆಳೆಸಿತು. ಅಷ್ಟರಲ್ಲಿ ಅವರು ಫ್ರಾನ್ಸಿನ ಇನ್ಸಿಯಾಡ್‌ನಲ್ಲಿ ಸುಮಾರು ಒಂಬತ್ತು ವರ್ಷ ಪಾಠ ಮಾಡಿ, 1994ರಲ್ಲಿ ಲಂಡನ್ ಬಿಸಿನೆಸ್ ಸ್ಕೂಲ್‌ಗೆ ಬಂದಾಗಿತ್ತು. ಹೈದರಾಬಾದಿನ ಇಂಡಿಯನ್ ಸ್ಕೂಲ್ ಆಫ್ ಬಿಸಿನೆಸ್ ರೂಪುಗೊಳ್ಳುವಾಗ ಸ್ಥಾಪಕ ಡೀನ್ ಹೊಣೆಯನ್ನೂ ಹೊತ್ತರು.

ಅವರ ಹೆಸರು ಜನರ ಬಾಯಲ್ಲಿ ಉಳಿದದ್ದು ಮಾತ್ರ ಒಂದು ಭಾಷಣದಿಂದ. 'ಜಾಗದ ವಾಸನೆ' ಎಂಬ ಹೆಸರಿನಿಂದ ಅದು ಇಂದಿಗೂ ಪ್ರಸಿದ್ಧ. ಪ್ರತಿ ಬೇಸಿಗೆಯಲ್ಲಿ ತವರೂರು ಕೋಲ್ಕತ್ತಾಗೆ ಹೋದಾಗ ಅಲ್ಲಿನ ಸೆಕೆ, ತೇವದ ಗಾಳಿಯಲ್ಲಿ ತಾನು ಸುಸ್ತಾಗಿ ಹಾಸಿಗೆ ಬಿಟ್ಟೇಳದೆ ಬಿದ್ದಿರುತ್ತೇನೆ ಎನ್ನುತ್ತಾರೆ ಅವರು. ಅದೇ ಮನುಷ್ಯ ಇನ್ಸಿಯಾಡ್ ಪಕ್ಕದ ಫಾಂಟನ್‌ಬ್ಲೋ ಕಾಡಿಗೆ ವಸಂತಕಾಲದಲ್ಲಿ ಕಾಲಿಟ್ಟರೆ ನಿಧಾನವಾಗಿ ನಡೆಯಲಾರ. ಓಡಬೇಕೆನಿಸುತ್ತದೆ, ಹಾರಿ ಕೊಂಬೆ ಹಿಡಿಯಬೇಕೆನಿಸುತ್ತದೆ. ವ್ಯಕ್ತಿ ಬದಲಾಗಲಿಲ್ಲ, ಬದಲಾದದ್ದು ಸುತ್ತಲ ಹವೆ. ಬಹುಪಾಲು ದೊಡ್ಡ ಕಂಪನಿಗಳು ತಮ್ಮೊಳಗೆ ಬೇಸಿಗೆಯ ಕೋಲ್ಕತ್ತಾವನ್ನು ಕಟ್ಟಿಕೊಂಡು, ಆಮೇಲೆ ನೌಕರರಲ್ಲಿ ಹುರುಪಿಲ್ಲ, ಅವರನ್ನು ಬದಲಾಯಿಸಬೇಕು ಎಂದು ಗೊಣಗುತ್ತವೆ ಎಂಬುದು ಅವರ ತಕರಾರು. ಉಸಿರುಗಟ್ಟಿಸುವ ಆ ಹವೆಯಲ್ಲಿ ಅವರು ನಾಲ್ಕು ಅಂಶಗಳನ್ನು ಕಂಡರು: ನಿರ್ಬಂಧ, ವಿಧೇಯತೆ, ನಿಯಂತ್ರಣ, ಕರಾರು. ಕಾಡಿನ ಹವೆಯಲ್ಲೂ ನಾಲ್ಕು: ಎಟುಕದ್ದಕ್ಕೆ ಕೈಚಾಚುವ ಹಂಬಲ, ಸ್ವಯಂಶಿಸ್ತು, ಬೆಂಬಲ, ನಂಬಿಕೆ.

ಇದನ್ನು ಬರೀ ಸೊಗಸಾದ ಮಾತು ಎಂದು ಬದಿಗಿಡುವಂತಿಲ್ಲ. ಅವರ ಕೈಯಲ್ಲಿ ಒಂದು ನಿಜವಾದ ಉದಾಹರಣೆಯಿತ್ತು. ಅಮೆರಿಕದ ವೆಸ್ಟಿಂಗ್‌ಹೌಸ್ ಕಂಪನಿಯಲ್ಲಿ ವಿದ್ಯುತ್ ರಿಲೇಗಳನ್ನು ತಯಾರಿಸುವ ಘಟಕವೊಂದಿತ್ತು. ಹಳೆಯ ಮಾರುಕಟ್ಟೆ, ಬೆಳವಣಿಗೆ ನಿಂತ ವ್ಯಾಪಾರ. ಕೇಂದ್ರ ಕಚೇರಿಗೂ ಅದರ ಮೇಲೆ ಆಸೆಯಿರಲಿಲ್ಲ. 1989ರಲ್ಲಿ ಅದು ಸ್ವೀಡನ್-ಸ್ವಿಟ್ಜರ್ಲೆಂಡ್ ಮೂಲದ ಎಬಿಬಿಯ ಕೈಗೆ ಬಂತು. ಘಟಕದ ಮುಖ್ಯಸ್ಥ ಅದೇ ವ್ಯಕ್ತಿ. ಕಾರ್ಖಾನೆಯೂ ಅದೇ, ತಂಡದ ಬಹುಪಾಲು ಜನರೂ ಅವರೇ. ಕೆಲವೇ ವರ್ಷಗಳಲ್ಲಿ ಘಟಕ ಚೇತರಿಸಿಕೊಂಡಿತು, ಮೈಕ್ರೊಪ್ರೊಸೆಸರ್ ಆಧಾರಿತ ಹೊಸ ರಿಲೇಗಳ ಕಡೆ ಹೊರಳಿತು, ಲಾಭ ಕಂಡಿತು. ಹೊಸ ಮಾಲೀಕರು ಆ ಘಟಕವನ್ನು ತನ್ನದೇ ಲೆಕ್ಕಪತ್ರವಿರುವ ಪುಟ್ಟ ಕಂಪನಿಯಂತೆ ನಡೆಸಲು ಬಿಟ್ಟರು, ಮೇಲಿನವರು ತಪಾಸಣೆಗಿಂತ ಮಾತುಕತೆಗೆ ಹೆಚ್ಚು ಬಂದರು. ಜಗತ್ತಿನಾದ್ಯಂತ ಸುಮಾರು 1,300 ಕಂಪನಿಗಳು, 5,000 ಲಾಭ ಕೇಂದ್ರಗಳಾಗಿ ಹರಡಿದ್ದ ಎಬಿಬಿಯ ಜ್ಯೂರಿಕ್ ಕೇಂದ್ರ ಕಚೇರಿಯಲ್ಲಿ ಇದ್ದವರು ನೂರು-ನೂರೈವತ್ತು ಮಂದಿ ಮಾತ್ರ. ಬೆಂಗಳೂರಿನಿಂದ ನಡೆಯುವ, ಪೀಣ್ಯದಲ್ಲಿ ಕಾರ್ಖಾನೆಯಿರುವ ಎಬಿಬಿ ಇಂಡಿಯಾ ಇದೇ ಬಳಗದ್ದು.

ಆ ಎಬಿಬಿಯೇ ಮುಂದೆ ಮುಗ್ಗರಿಸಿತು ಎಂಬುದನ್ನು ಘೋಷಾಲರನ್ನು ಮೆಚ್ಚುವವರು ಮುಚ್ಚಿಡಬಾರದು. ಅದು ಕೊಂಡಿದ್ದ ಅಮೆರಿಕದ ಬಾಯ್ಲರ್ ಕಂಪನಿಯೊಂದರ ಆಸ್ಬೆಸ್ಟಾಸ್ ಮೊಕದ್ದಮೆಗಳು, ಮಿತಿಮೀರಿದ ಸಾಲ ಸೇರಿ 2002ರಲ್ಲಿ ಕಂಪನಿ ಕುಸಿಯುವ ಅಂಚಿಗೆ ಬಂತು. ಅದನ್ನು ಕಟ್ಟಿದ ಪರ್ಸಿ ಬಾರ್ನೆವಿಕ್ ತಾವು ಪಡೆದ ಭಾರಿ ಪಿಂಚಣಿ ಮೊತ್ತದ ಒಂದು ಭಾಗವನ್ನು ಹಿಂದಿರುಗಿಸಬೇಕಾಯಿತು. ಒಂದು ಕಂಪನಿಯನ್ನು ಅದರ ಏರುಗಾಲದಲ್ಲಿ ನೋಡಿ ಆದರ್ಶವೆಂದು ತೋರಿಸುವುದು ಮ್ಯಾನೇಜ್‌ಮೆಂಟ್ ಪುಸ್ತಕಗಳ ಹಳೆಯ ದೌರ್ಬಲ್ಯ. ಘೋಷಾಲ್ ಅದರಿಂದ ಹೊರತಾಗಿರಲಿಲ್ಲ. ಆದರೆ ರಿಲೇ ಘಟಕದಲ್ಲಿ ಅವರು ಕಂಡ ಸಂಗತಿ ಎಬಿಬಿಯ ಸಾಲದಿಂದ ಸುಳ್ಳಾಗುವುದಿಲ್ಲ. ಅದೇ ಜನ ಬೇರೆ ಹವೆಯಲ್ಲಿ ಬೇರೆ ರೀತಿ ದುಡಿದರು ಎಂಬುದಷ್ಟೇ ಅಲ್ಲಿನ ಸತ್ಯ, ಅದು ಸಣ್ಣ ಸತ್ಯವಲ್ಲ.

ಘೋಷಾಲರ ಅತಿ ಮಹತ್ವದ ಕೆಲಸ ಈ ಹಂತದ ಪಕ್ಕದಲ್ಲೇ ನಡೆದಿತ್ತು, ಸಾಮಾನ್ಯ ಓದುಗರ ಕಣ್ಣಿಗೆ ಬೀಳದ ಸಂಶೋಧನಾ ಪತ್ರಿಕೆಗಳಲ್ಲಿ. 1996ರಲ್ಲಿ ಪೀಟರ್ ಮೊರಾನ್ ಜೊತೆ ಬರೆದ ಪ್ರಬಂಧದಲ್ಲಿ ಅವರು ಆಲಿವರ್ ವಿಲಿಯಮ್ಸನ್‌ರ ವಹಿವಾಟು ವೆಚ್ಚದ ಸಿದ್ಧಾಂತವನ್ನು ನೇರವಾಗಿ ಕೆಣಕಿದರು. ಮುಂದೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ವಿಲಿಯಮ್ಸನ್, ಮನುಷ್ಯರು ಅವಕಾಶವಾದಿಗಳಾಗಬಲ್ಲರು, ಯಾರು ಹಾಗಾಗುತ್ತಾರೆ ಎಂದು ಮೊದಲೇ ತಿಳಿಯದು, ಆದ್ದರಿಂದ ಸಂಸ್ಥೆಗಳು ಅದನ್ನು ಎಣಿಸಿಯೇ ಕಟ್ಟಲ್ಪಡುತ್ತವೆ ಎಂದು ವಾದಿಸಿದ್ದರು. ವಿವರಣೆಯಾಗಿ ಅದರಲ್ಲಿ ಹುರುಳಿದೆ. ಅದೇ ಉಪದೇಶವಾಗಿ ಮ್ಯಾನೇಜರುಗಳ ಕೈಗೆ ಬಂದಾಗ ಏನಾಗುತ್ತದೆ ಎಂಬುದು ಘೋಷಾಲರ ಪ್ರಶ್ನೆ.

ಕಾವಲು ಏನು ಮಾಡುತ್ತದೆ ಎಂಬುದಕ್ಕೆ ಲಾಯ್ಡ್ ಸ್ಟ್ರಿಕ್‌ಲ್ಯಾಂಡ್ ಎಂಬ ಮನೋವಿಜ್ಞಾನಿ 1958ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಒಳ್ಳೆಯ ಸಾಕ್ಷ್ಯವಿದೆ. ಒಬ್ಬನಿಗೆ ಮೇಲ್ವಿಚಾರಕನ ಪಾತ್ರ, ಅವನ ಕೈಕೆಳಗೆ ಇಬ್ಬರು ಕೆಲಸಗಾರರು. ಒಬ್ಬನನ್ನು ಹೆಚ್ಚು ಸಲ, ಇನ್ನೊಬ್ಬನನ್ನು ಕಡಿಮೆ ಸಲ ತಪಾಸಣೆ ಮಾಡುವಂತೆ ಏರ್ಪಾಡು. ಇಬ್ಬರ ಕೆಲಸವೂ ಸರಿಸಮ. ಮುಂದಿನ ಹಂತದಲ್ಲಿ ಯಾರನ್ನು ಎಷ್ಟು ನೋಡಬೇಕೆಂದು ಮೇಲ್ವಿಚಾರಕನಿಗೇ ಬಿಟ್ಟಾಗ ಅವನು ಮತ್ತೆ ಹೆಚ್ಚು ನೋಡಿದ್ದು ಮೊದಲು ಹೆಚ್ಚು ನೋಡಿದವನನ್ನೇ. ನಾನು ನೋಡುತ್ತಿದ್ದೆ, ಅದಕ್ಕೇ ಇವನು ಮಾಡಿದ ಎಂದು ಅವನಿಗೆ ಅನಿಸುತ್ತದೆ. ಕಾವಲಿಲ್ಲದೆ ಮಾಡಿದವನ ಮೇಲೆ ನಂಬಿಕೆ ಹುಟ್ಟುತ್ತದೆ. ಕಾವಲು ಹಾಕಿದವನ ಮೇಲೆ ನಂಬಿಕೆ ಹುಟ್ಟಲು ಕಾವಲೇ ಅವಕಾಶ ಕೊಡುವುದಿಲ್ಲ. ಅಪನಂಬಿಕೆ ಮೊದಲು ಕೆಡಿಸುವುದು ನೋಡುವವನ ಕಣ್ಣನ್ನು. ಮನೆಯಿಂದ ಕೆಲಸ ಮಾಡುವವರ ಕೀಬೋರ್ಡಿನ ಒತ್ತುಗಳನ್ನು ಎಣಿಸುವ ತಂತ್ರಾಂಶಗಳ ಕಾಲದಲ್ಲಿ ಈ ಹಳೆಯ ಪ್ರಯೋಗ ಎಷ್ಟು ಹತ್ತಿರದ್ದು ಎಂದು ಯಾವ ಐಟಿ ನೌಕರನೂ ಹೇಳಬಲ್ಲ.

2001ರ ಡಿಸೆಂಬರ್‌ನಲ್ಲಿ ಲೆಕ್ಕಪತ್ರದ ವಂಚನೆ ಬಯಲಾಗಿ ಎನ್ರಾನ್ ದಿವಾಳಿ ಎದ್ದಿತು. ಮಹಾರಾಷ್ಟ್ರದ ದಾಭೋಲ್ ವಿದ್ಯುತ್ ಯೋಜನೆಯಿಂದ ನಮಗೆಲ್ಲ ಹೆಸರು ಗೊತ್ತಿದ್ದ ಕಂಪನಿ. ಅದರ ಮುಖ್ಯಸ್ಥರಾಗಿದ್ದ ಜೆಫ್ರಿ ಸ್ಕಿಲ್ಲಿಂಗ್ ಹಾರ್ವರ್ಡ್‌ನಲ್ಲಿ ಎಂಬಿಎ ಓದಿದವರು. ಮ್ಯಾನೇಜ್‌ಮೆಂಟ್ ಶಾಲೆಗಳೆಲ್ಲ ತರಾತುರಿಯಲ್ಲಿ ನೀತಿಪಾಠದ ತರಗತಿಗಳ ಮಾತಾಡತೊಡಗಿದವು. ಘೋಷಾಲರಿಗೆ ಇದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ ಕಂಡಿತು. ಹೊಸದಾಗಿ ಏನನ್ನೋ ಕಲಿಸುವುದಕ್ಕಿಂತ ಈಗ ಕಲಿಸುತ್ತಿರುವ ಬಹಳಷ್ಟನ್ನು ನಿಲ್ಲಿಸಬೇಕು ಎಂದು ಅವರು ಒಂದು ದೀರ್ಘ ಪ್ರಬಂಧದಲ್ಲಿ ಬರೆದರು. ಒಂದು ಗಂಟೆ ನೀತಿ ಹೇಳಿ, ಉಳಿದ ಗಂಟೆಗಳಲ್ಲಿ ಮನುಷ್ಯ ಸ್ವಾರ್ಥದ ಯಂತ್ರ ಎಂದು ಸೂತ್ರ ಕಟ್ಟಿ ತೋರಿಸಿದರೆ ವಿದ್ಯಾರ್ಥಿ ಯಾವುದನ್ನು ನಂಬಬೇಕು?

ಅವರ ಬೆರಳು ನೆಟ್ಟಿದ್ದು ನಿರ್ದಿಷ್ಟ ಹೆಸರುಗಳ ಕಡೆ. ಲಾಭ ಹೆಚ್ಚಿಸುವುದೇ ವ್ಯಾಪಾರದ ಸಾಮಾಜಿಕ ಹೊಣೆ ಎಂದು 1970ರಲ್ಲಿ ವಾದಿಸಿದ ಮಿಲ್ಟನ್ ಫ್ರೀಡ್‌ಮನ್. ಮ್ಯಾನೇಜರ್ ಎಂದರೆ ಷೇರುದಾರರ ಏಜೆಂಟ್, ಬಿಟ್ಟರೆ ತನ್ನ ಹಿತವನ್ನೇ ನೋಡಿಕೊಳ್ಳುತ್ತಾನೆ ಎಂಬ ಏಜೆನ್ಸಿ ಸಿದ್ಧಾಂತದ ಚೌಕಟ್ಟನ್ನು 1976ರ ಪ್ರಬಂಧದಲ್ಲಿ ಕಟ್ಟಿಕೊಟ್ಟ ಮೈಕೆಲ್ ಜೆನ್ಸೆನ್ ಮತ್ತು ವಿಲಿಯಂ ಮೆಕ್ಲಿಂಗ್. ಗಿರಾಕಿ, ಪೂರೈಕೆದಾರರೊಂದಿಗೂ ಚೌಕಾಸಿಯ ಬಲಾಬಲವನ್ನೇ ಲೆಕ್ಕ ಹಾಕಲು ಕಲಿಸಿದ ಮೈಕೆಲ್ ಪೋರ್ಟರ್. ಇವೆಲ್ಲ ಒಟ್ಟಾಗಿ ಎರಡು-ಮೂರು ದಶಕ ತರಗತಿಗಳಲ್ಲಿ ಇಳಿದು, ಬೋರ್ಡ್‌ರೂಮಿಗೆ ಹೋಗಿ, ಮುಖ್ಯಸ್ಥರ ಸಂಬಳವನ್ನು ಷೇರು ಬೆಲೆಗೆ ಕಟ್ಟುವ ಪದ್ಧತಿಯಾಗಿ ಬೇರುಬಿಟ್ಟವು. ಷೇರು ಬೆಲೆ ಏರಿಸುವುದೇ ಪರಮಾರ್ಥವಾದ ಮೇಲೆ ಅದನ್ನು ಲೆಕ್ಕಪತ್ರದ ಕೈಚಳಕದಿಂದ ಏರಿಸುವವರೂ ಹುಟ್ಟಿದರು.

ಈ ವಾದದ ನಡುವೆ ಅವರು ಎತ್ತಿದ ಒಂದು ಸರಳ ಪ್ರಶ್ನೆ ನನಗೆ ಅತ್ಯಂತ ಬಲವಾದದ್ದೆನಿಸುತ್ತದೆ. ಷೇರುದಾರ ಕಂಪನಿಯ ಮಾಲೀಕ ಎನ್ನುತ್ತೇವೆ. ಆದರೆ ಅವನಿಗಿರುವುದು ಷೇರಿನ ಮಾಲೀಕತ್ವ, ಕಾರ್ಖಾನೆಯಿಂದ ಒಂದು ಕುರ್ಚಿಯನ್ನೂ ಅವನು ಎತ್ತಿಕೊಂಡು ಹೋಗಲಾರ. ಅಪಾಯ ಹೊರುವವನು ಅವನೇ, ಆದ್ದರಿಂದ ಲಾಭವೂ ಅವನದೇ ಎನ್ನುತ್ತಾರೆ. ಷೇರುದಾರನಾದರೆ ಬೇಸರವಾದ ದಿನ ಮಾರಿ ಹೊರನಡೆಯಬಹುದು. ಹದಿನೈದು ವರ್ಷದ ಅನುಭವವನ್ನು ಒಂದೇ ಕಂಪನಿಗೆ ಸುರಿದ ನೌಕರ ಅಷ್ಟು ಸುಲಭವಾಗಿ ತನ್ನ ಪಾಲನ್ನು ಮಾರಿ ಎದ್ದು ಹೋಗಬಲ್ಲನೇ? ಕೈಗೆ ಸಿಗುವ ಯಂತ್ರಕ್ಕಿಂತ ತಲೆಯೊಳಗಿನ ತಿಳಿವಳಿಕೆಯೇ ಬಂಡವಾಳವಾದ ಕಾಲದಲ್ಲಿ ನಿಜವಾದ ಅಪಾಯ ಯಾರ ತಲೆಯ ಮೇಲಿದೆ? ಹತ್ತಾರು ವರ್ಷ ದುಡಿದವರನ್ನು ಒಂದು ಮಿಂಚಂಚೆಯಲ್ಲಿ ಕಳಿಸಿಕೊಡುವುದನ್ನು ಕಂಡ ಬೆಂಗಳೂರಿನ ಮನೆಗಳಿಗೆ ಇದು ಶಾಸ್ತ್ರಚರ್ಚೆಯಲ್ಲ.

ಭಾರತದ ಕಂಪನಿಗಳ ಬಗ್ಗೆ ಘೋಷಾಲರಿಗೆ ಅಕ್ಕರೆಯಿತ್ತು, ಆ ಅಕ್ಕರೆಯಲ್ಲಿ ಗದರಿಕೆಯೂ ಇತ್ತು. ಗೀತಾ ಪಿರಾಮಲ್, ಬಾರ್ಟ್ಲೆಟ್ ಜೊತೆ 2000ದಲ್ಲಿ ತಂದ 'ಮ್ಯಾನೇಜಿಂಗ್ ರ‍್ಯಾಡಿಕಲ್ ಚೇಂಜ್' ಪುಸ್ತಕದಲ್ಲಿ ಅವರು ನಮ್ಮ ಕಂಪನಿಗಳ ಮುಖ್ಯ ರೋಗವನ್ನು ಗುರುತಿಸಿದ್ದು ಕೆಟ್ಟ ಸಾಧನೆಯಲ್ಲಿ ಅಲ್ಲ, ಕಡಿಮೆ ಸಾಧನೆಯಲ್ಲೇ ತೃಪ್ತಿಪಡುವ ಸ್ವಭಾವದಲ್ಲಿ. ಅದಕ್ಕೆ ಎದುರಾಗಿ ಅವರು ತೋರಿಸಿದ ಸಂಸ್ಥೆಗಳಲ್ಲಿ ಬೆಂಗಳೂರಿನ ಇನ್ಫೋಸಿಸ್, ವಿಪ್ರೊ ಇದ್ದವು. 1990ರ ದಶಕದಲ್ಲಿ ನೌಕರರಿಗೆ ಷೇರು ಹಂಚಿದ ಆರಂಭದ ಭಾರತೀಯ ಕಂಪನಿಗಳಲ್ಲಿ ಇನ್ಫೋಸಿಸ್ ಒಂದು. ದುಡಿಯುವವರಿಗೂ ಗಳಿಕೆಯಲ್ಲಿ ಪಾಲಿರಬೇಕು ಎಂಬ ಘೋಷಾಲರ ನಿಲುವಿಗೆ ಅಷ್ಟು ಒಪ್ಪುವ ಉದಾಹರಣೆ ಆಗ ಬೇರೆ ಕಡೆ ವಿರಳವಾಗಿತ್ತು.

ಅದೇ ಬೆಂಗಳೂರು ಮುಂದೆ ಬೆಲ್ ಕರ್ವ್‌ನ ಊರೂ ಆಯಿತು. ತಂಡದಲ್ಲಿ ಎಲ್ಲರೂ ಚೆನ್ನಾಗಿ ದುಡಿದರೂ ಇಂತಿಷ್ಟು ಮಂದಿಯನ್ನು ಕೊನೆಯ ಸಾಲಿಗೆ ತಳ್ಳಲೇಬೇಕು ಎಂಬ ಅಪ್ರೈಸಲ್ ಪದ್ಧತಿ ಅದು. ಎನ್ರಾನ್ ಇದನ್ನು ಅತಿಯಾಗಿ ನಡೆಸಿದ ಕಂಪನಿಗಳಲ್ಲೊಂದು. ಅಲ್ಲಿ ನೌಕರರಿಗೆ ಸ್ವಾತಂತ್ರ್ಯಕ್ಕೆ ಕೊರತೆಯಿರಲಿಲ್ಲ, ದೊಡ್ಡ ಗುರಿಗಳಿಗೂ ಇರಲಿಲ್ಲ. ಕೊನೆಯ ಸಾಲಿನವರನ್ನು ಹೊರದಬ್ಬುವ ಭಯದಲ್ಲಿ ಬೆಂಬಲ ಮತ್ತು ನಂಬಿಕೆ ಮಾತ್ರ ಉಳಿಯಲಿಲ್ಲ. ಘೋಷಾಲರು ಹೇಳಿದ ನಾಲ್ಕು ಅಂಶಗಳಲ್ಲಿ ಕೆಲವನ್ನು ಇಟ್ಟುಕೊಂಡು ಉಳಿದವನ್ನು ಬಿಟ್ಟರೆ ಏನಾಗುತ್ತದೆ ಎಂದು ತಿಳಿಯಲು ಇದಕ್ಕಿಂತ ಬೇರೆ ಕಥೆ ಬೇಡ. 2015ರ ಹೊತ್ತಿಗೆ ಇನ್ಫೋಸಿಸ್ ಸೇರಿದಂತೆ ಹಲವು ಕಂಪನಿಗಳು ಬೆಲ್ ಕರ್ವ್ ಕೈಬಿಟ್ಟದ್ದು ಒಳ್ಳೆಯ ಸುದ್ದಿ.

ವಾರಕ್ಕೆ 70 ಗಂಟೆ ದುಡಿಯಬೇಕೆಂಬ ಮಾತು 2023ರಲ್ಲಿ ನಮ್ಮಲ್ಲಿ ಎಬ್ಬಿಸಿದ ಚರ್ಚೆಗೂ ಅವರಲ್ಲಿ ಉತ್ತರವಿದೆ. 2002ರಲ್ಲಿ ಹೈಕೆ ಬ್ರುಕ್ ಜೊತೆ ಬರೆದ ಲೇಖನದಲ್ಲಿ ಅವರು ಮ್ಯಾನೇಜರುಗಳನ್ನು ವರ್ಷಗಟ್ಟಲೆ ಗಮನಿಸಿ ಕಂಡದ್ದನ್ನು ಹೇಳಿದರು. ಗುರಿ ಮತ್ತು ಹುರುಪು ಎರಡೂ ಇರುವವರು ಶೇ. 10ರಷ್ಟು ಮಾತ್ರ. ಶೇ. 40ರಷ್ಟು ಮಂದಿ ಹುರುಪಿನಿಂದ ಓಡಾಡುತ್ತಾರೆ, ಯಾವುದರ ಮೇಲೂ ಗಮನ ನಿಲ್ಲದು. ಶೇ. 30ರಷ್ಟು ಮಂದಿ ಕೆಲಸ ಮುಂದೂಡುತ್ತಾರೆ, ಉಳಿದ ಶೇ. 20ರಷ್ಟು ಮಂದಿಗೆ ಗಮನವಿದ್ದರೂ ಒಳಗಿನ ಉತ್ಸಾಹ ಬತ್ತಿರುತ್ತದೆ. ಅತ್ಯಂತ ದೊಡ್ಡ ಗುಂಪು ಬಿಡುವಿಲ್ಲದವರದು, ಅವರಿಂದ ಆಗುವ ಕೆಲಸ ಕಡಿಮೆ. ಅಂಥವರ ಗಂಟೆಗಳನ್ನು ಹೆಚ್ಚಿಸಿದರೆ ಹೆಚ್ಚುವುದು ಓಡಾಟವೇ.

2004ರ ಮಾರ್ಚ್ 3ರಂದು, ಐವತ್ತೈದರ ವಯಸ್ಸಿನಲ್ಲಿ, ಮೆದುಳಿನ ರಕ್ತಸ್ರಾವದಿಂದ ಘೋಷಾಲ್ ತೀರಿಕೊಂಡರು. ಎನ್ರಾನ್ ನಂತರ ಬರೆದ ಆ ದೀರ್ಘ ಪ್ರಬಂಧ ಆಗಿನ್ನೂ ಅಚ್ಚಾಗಿರಲಿಲ್ಲ. 2005ರಲ್ಲಿ ಅಕಾಡೆಮಿ ಆಫ್ ಮ್ಯಾನೇಜ್‌ಮೆಂಟ್‌ನ ಬೋಧನೆಗೆ ಸಂಬಂಧಿಸಿದ ಪತ್ರಿಕೆಯಲ್ಲಿ ಅದು ಪ್ರಕಟವಾಯಿತು. ಅದಕ್ಕೆ ಹೆನ್ರಿ ಮಿಂಟ್ಸ್‌ಬರ್ಗ್, ಜೆಫ್ರಿ ಫೆಫರ್ ಮೊದಲಾದ ಹಿರಿಯರ ಪ್ರತಿಕ್ರಿಯೆಗಳೂ ಬಂದವು. ಈ ಕ್ಷೇತ್ರದ ಅತಿ ಹೆಚ್ಚು ಉಲ್ಲೇಖಿತ ಬರಹಗಳಲ್ಲಿ ಅದೂ ಒಂದು. ಎಲ್ಲರೂ ಒಪ್ಪಿದರೆಂದಲ್ಲ. ಎನ್ರಾನ್‌ನ ವಂಚಕರು ಏಜೆನ್ಸಿ ಸಿದ್ಧಾಂತ ಓದಿಯೇ ವಂಚಿಸಿದರೆ? ದುರಾಸೆಗೆ ಪಠ್ಯಪುಸ್ತಕ ಬೇಕೆ? ಈ ಆಕ್ಷೇಪ ತಳ್ಳಿಹಾಕುವಂಥದ್ದಲ್ಲ. ನನ್ನ ಓದಿನಲ್ಲಿ ಘೋಷಾಲರ ವಾದ ಇನ್ನಷ್ಟು ಸೂಕ್ಷ್ಮವಾದದ್ದು. ದುರಾಸೆ ಮೊದಲೂ ಇತ್ತು. ಅದಕ್ಕೆ ನಾಚುವ ಅಗತ್ಯವನ್ನು ತೆಗೆದುಹಾಕಿದ್ದು, ಅದನ್ನು ದಕ್ಷತೆಯ ಹೆಸರಿನಲ್ಲಿ ಕರೆಯಲು ಕಲಿಸಿದ್ದು ತರಗತಿ. ಮೇಷ್ಟ್ರುಗಳು ಈ ಹೊಣೆಯನ್ನು ಒಪ್ಪಿಕೊಳ್ಳಲಿ ಎಂದು ಅವರು ಕೇಳಿದರು, ಆ ಮೇಷ್ಟ್ರುಗಳಲ್ಲಿ ತಮ್ಮನ್ನೂ ಸೇರಿಸಿಕೊಂಡು.

ಮನುಷ್ಯನ ಒಳ್ಳೆಯತನವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಬದಲಿ ಸಿದ್ಧಾಂತವನ್ನು ಕಟ್ಟುವ ಕೆಲಸ ಅರ್ಧಕ್ಕೇ ನಿಂತಿತು. 2019ರ ಆಗಸ್ಟ್‌ನಲ್ಲಿ ಅಮೆರಿಕದ 181 ದೊಡ್ಡ ಕಂಪನಿಗಳ ಮುಖ್ಯಸ್ಥರು ಬಿಸಿನೆಸ್ ರೌಂಡ್‌ಟೇಬಲ್ ಎಂಬ ತಮ್ಮ ಸಂಘಟನೆಯ ಪರವಾಗಿ ಒಂದು ಹೇಳಿಕೆಗೆ ಸಹಿ ಹಾಕಿದರು. ಕಂಪನಿಯಿರುವುದು ಷೇರುದಾರರಿಗಷ್ಟೇ ಅಲ್ಲ, ನೌಕರರು, ಗಿರಾಕಿಗಳು, ಪೂರೈಕೆದಾರರು, ಸುತ್ತಲ ಸಮುದಾಯ ಎಲ್ಲರಿಗೂ ಎಂದು ಅದರಲ್ಲಿತ್ತು. ಇಂಥ ಕಂಪನಿಗಳ ಮುಖ್ಯಸ್ಥರ ಸಂಬಳದ ದೊಡ್ಡ ಪಾಲು ಇಂದಿಗೂ ಷೇರು ಬೆಲೆಗೇ ಅಂಟಿಕೊಂಡಿದೆ. ಎಂಬಿಎ ತರಗತಿಗಳಲ್ಲಿ ಜೆನ್ಸೆನ್ ಮತ್ತು ಮೆಕ್ಲಿಂಗ್‌ರ 1976ರ ಪ್ರಬಂಧದ ಪಾಠ ಮುಂದುವರಿದಿದೆ. ಅದರ ಜೊತೆಗೇ, ಅದೇ ವಾರದಲ್ಲಿ, ಘೋಷಾಲರ 2005ರ ಪ್ರಬಂಧವನ್ನೂ ವಿದ್ಯಾರ್ಥಿಗಳ ಕೈಗೆ ಕೊಟ್ಟು ವಾದಕ್ಕೆ ಬಿಡುವ ಮೇಷ್ಟ್ರು ನಮ್ಮ ಕಾಲೇಜುಗಳಿಗೆ ಬೇಕು.